ಎಂಟರಿಂದ ಹದಿನೆಂಟಕ್ಕೆ

ಮದುವೆಯಾಗುವ ಹೆಣ್ಣಿಗೆ ಹದಿನೆಂಟು ವರ್ಷ ತುಂಬಿರಬೇಕು ಎಂಬ ಮಾತು ಈಗ ಎಲ್ಲರ ಕಿವಿಗೂ ಬಿದ್ದಿದೆ. ಅಂಗನವಾಡಿಯ ಗೋಡೆಯ ಮೇಲೆ, ಗ್ರಾಮ ಪಂಚಾಯಿತಿಯ ಕಚೇರಿಯ ಮುಂದೆ ಆ ಅಂಕಿಯನ್ನು ನೀವು ನೋಡಿರುತ್ತೀರಿ. ದಿನವೂ ಕಣ್ಣಿಗೆ ಬೀಳುವ ಅಂಕಿಗೂ ಒಂದು ಇತಿಹಾಸವಿರುತ್ತದೆಂಬುದು ನಮಗೆ ಸಾಮಾನ್ಯವಾಗಿ ಹೊಳೆಯುವುದಿಲ್ಲ. ಮೈಸೂರು ಸಂಸ್ಥಾನದಲ್ಲಿ 1894ರಲ್ಲಿ ಆ ಅಂಕಿ ಎಂಟಾಗಿತ್ತು. 1929ರಲ್ಲಿ ಬ್ರಿಟಿಷ್ ಇಂಡಿಯಾದ ಶಾಸನ ಅದನ್ನು ಹದಿನಾಲ್ಕೆಂದು ಗೊತ್ತುಮಾಡಿತು. 1949ರಲ್ಲಿ ಅದು ಹದಿನೈದಾಯಿತು, 1978ರಲ್ಲಿ ಹದಿನೆಂಟಾಯಿತು. ಎಂಟರಿಂದ ಹದಿನೆಂಟಕ್ಕೆ ಹತ್ತೇ ಮೆಟ್ಟಿಲು. ಅವನ್ನು ಏರುವುದಕ್ಕೆ ಎಂಬತ್ತನಾಲ್ಕು ವರ್ಷ ಹಿಡಿಯಿತು. ಏರಿಸಿದವರು ಯಾರು? ಶಾಸನವೊಂದೇ ಏರಿಸಿತೆ? ಇಂದಿಗೂ ಕೆಳಗೇ ನಿಂತಿರುವ ಹೆಣ್ಣುಮಕ್ಕಳನ್ನು ತಡೆದಿರುವುದು ಏನು? ಈ ಮೂರು ಪ್ರಶ್ನೆಗಳನ್ನು ಸ್ವಲ್ಪ ವಿಚಾರಮಾಡೋಣ.

ಹಳೆಯ ಏರ್ಪಾಡು ಏನಿತ್ತೆಂಬುದನ್ನು ಮೊದಲು ತಿಳಿಯಬೇಕು. ಎಂಟು ವರ್ಷದ ಹುಡುಗಿಯನ್ನು ಗೌರಿ ಎಂದೂ ಒಂಬತ್ತರವಳನ್ನು ರೋಹಿಣಿ ಎಂದೂ ಹತ್ತರವಳನ್ನು ಕನ್ಯೆ ಎಂದೂ ಕರೆಯುವ ಸಂಪ್ರದಾಯ ಧರ್ಮಶಾಸ್ತ್ರದ ಗ್ರಂಥಗಳಲ್ಲಿದೆ. ಮಗಳು ಮೈನೆರೆಯುವ ಮೊದಲೇ ಅವಳನ್ನು ಧಾರೆಯೆರೆದುಕೊಡದ ತಂದೆಗೆ ದೋಷ ತಟ್ಟುತ್ತದೆಂಬ ಭಯ ಅದರ ಹಿಂದಿತ್ತು. ಧಾರೆಯಾದ ಮೇಲೂ ಹುಡುಗಿ ತವರಿನಲ್ಲಿಯೇ ಇರುವಳು. ಋತುಮತಿಯಾದ ಮೇಲೆ ಪ್ರಸ್ತವಾಗಿ ಗಂಡನ ಮನೆಗೆ ಹೋಗುವಳು. ಈ ಕಟ್ಟುಪಾಡು ನಾಡಿನ ಎಲ್ಲ ಜಾತಿಗಳಲ್ಲಿಯೂ ಒಂದೇ ರೀತಿ ಇರಲಿಲ್ಲ. ಆದರೆ ಮೇಲಿನವರು ಮಾಡುವುದು ಗೌರವದ ಗುರುತೆಂದು ತೋರಿದಾಗ ಉಳಿದವರೂ ಅದನ್ನು ಹಿಡಿಯುತ್ತಾರೆ. ಕ್ಷಾಮಡಾಮರಗಳ ಕಾಲದಲ್ಲಿ, ನಾಳೆ ತಾನು ಉಳಿಯುವೆನೋ ಇಲ್ಲವೋ ಎಂದು ಅಂಜಿದ ತಂದೆಗೆ ಮಗಳನ್ನು ಒಂದು ಮನೆಗೆ ಸೇರಿಸಿಬಿಡುವುದು ಜವಾಬ್ದಾರಿಯೆಂದೇ ಕಂಡಿತು. ಆದ್ದರಿಂದ ಅಂದಿನ ತಂದೆತಾಯಿಗಳನ್ನೆಲ್ಲ ಕಟುಕರೆಂದು ಹಳಿಯುವುದರಿಂದ ವಿಷಯ ಅರ್ಥವಾಗುವುದಿಲ್ಲ. ಅವರು ಮಗಳ ಹಿತವನ್ನೇ ಬಯಸಿದರು. ಆ ಹಿತವನ್ನು ಗೊತ್ತುಮಾಡುವಾಗ ಮಗಳನ್ನು ಮಾತ್ರ ಕೇಳಲಿಲ್ಲ.

ಮಗಳನ್ನು ಕೇಳಬೇಕು ಎಂಬ ಮಾತನ್ನು ದೇಶದ ಮುಂದೆ ಗಟ್ಟಿಯಾಗಿ ಆಡಿದವಳು ಸ್ವತಃ ಒಬ್ಬ ಮಗಳೇ. ಮುಂಬಯಿಯ ರುಕ್ಮಾಬಾಯಿಗೆ ಹನ್ನೊಂದನೆಯ ವಯಸ್ಸಿನಲ್ಲಿ ಮದುವೆಯಾಗಿತ್ತು. ಅವಳು ತವರಿನಲ್ಲಿಯೇ ಬೆಳೆದು ಓದಿದಳು. 1884ರಲ್ಲಿ ಗಂಡನು ಅವಳನ್ನು ತನ್ನ ಮನೆಗೆ ಕಳುಹಿಸಿಕೊಡಬೇಕೆಂದು ಮುಂಬಯಿಯ ಹೈಕೋರ್ಟಿನಲ್ಲಿ ದಾವೆ ಹೂಡಿದನು. ತಿಳಿವಳಿಕೆ ಬರುವ ಮೊದಲು, ತನ್ನ ಒಪ್ಪಿಗೆಯಿಲ್ಲದೆ ನಡೆದ ಮದುವೆ ತನ್ನನ್ನು ಕಟ್ಟಿಹಾಕಲಾರದು ಎಂಬುದು ರುಕ್ಮಾಬಾಯಿಯ ನಿಲುವು. ಮೊದಲ ನ್ಯಾಯಾಧೀಶರು 1885ರಲ್ಲಿ ಅವಳ ಪರವಾಗಿ ತೀರ್ಪು ಕೊಟ್ಟರು. ಮೇಲ್ಮನವಿಯಾಗಿ ಮೊಕದ್ದಮೆ ಮತ್ತೆ ವಿಚಾರಣೆಗೆ ಬಂದು, ಗಂಡನ ಮನೆಗೆ ಹೋಗಬೇಕು, ಇಲ್ಲವೇ ಆರು ತಿಂಗಳು ಸೆರೆಮನೆಗೆ ಹೋಗಬೇಕು ಎಂದು 1887ರಲ್ಲಿ ಆಜ್ಞೆಯಾಯಿತು. ಸೆರೆಮನೆಯೇ ಆಗಲಿ ಎಂದಳು ಆಕೆ. ಕೊನೆಗೆ 1888ರಲ್ಲಿ ಎರಡು ಸಾವಿರ ರೂಪಾಯಿ ಪಡೆದು ಗಂಡನು ರಾಜಿಯಾದನು. ರುಕ್ಮಾಬಾಯಿ ಇಂಗ್ಲೆಂಡಿಗೆ ಹೋಗಿ ವೈದ್ಯವಿದ್ಯೆ ಕಲಿತು ಬಂದು, ಸೂರತ್ ಮತ್ತು ರಾಜಕೋಟೆಯ ಆಸ್ಪತ್ರೆಗಳಲ್ಲಿ ಹೆಂಗಸರ ಸೇವೆ ಮಾಡಿ, 1955ರವರೆಗೆ ಬದುಕಿದ್ದರು.

ಎಲ್ಲರ ಪಾಡೂ ಹೀಗಾಗಲಿಲ್ಲ. ಬಂಗಾಳದ ಫೂಲಮಣಿ ಎಂಬ ಹತ್ತು ಹನ್ನೊಂದರ ಹುಡುಗಿ 1889ರಲ್ಲಿ ಗಂಡನ ಬಲಾತ್ಕಾರದಿಂದ ಸತ್ತಳು. ಅದರಿಂದ ಎದ್ದ ಕೋಲಾಹಲದ ಪರಿಣಾಮವಾಗಿ 1891ರಲ್ಲಿ ಸಮ್ಮತಿಯ ವಯಸ್ಸಿನ ಶಾಸನ ಬಂದಿತು. ಅದುವರೆಗೆ ಹತ್ತು ವರ್ಷವಿದ್ದ ಮಿತಿಯನ್ನು ಅದು ಹನ್ನೆರಡಕ್ಕೆ ಏರಿಸಿತು. ಇದು ಮದುವೆಯ ವಯಸ್ಸಲ್ಲ, ದಾಂಪತ್ಯದ ವಯಸ್ಸು. ಮದುವೆಯನ್ನು ಎಷ್ಟನೆಯ ವರ್ಷದಲ್ಲಿ ಬೇಕಾದರೂ ಮಾಡಬಹುದಾಗಿತ್ತು. ಇಷ್ಟಕ್ಕೇ ದೊಡ್ಡ ವಿರೋಧವೆದ್ದಿತು. ಪರಕೀಯ ಸರ್ಕಾರ ನಮ್ಮ ಮನೆಯೊಳಗೆ ಕೈಹಾಕಬಾರದು, ಸುಧಾರಣೆ ಸಮಾಜದ ಒಳಗಿನಿಂದಲೇ ಬರಬೇಕು ಎಂದು ಲೋಕಮಾನ್ಯ ತಿಲಕರು ವಾದಿಸಿದರು. ಆ ಮಾತಿನಲ್ಲಿ ಸ್ವಾಭಿಮಾನವಿತ್ತು, ನಿಜ. ಆದರೆ ಒಳಗಿನಿಂದ ಸುಧಾರಣೆ ಬರುವವರೆಗೆ ಹತ್ತು ವರ್ಷದ ಹುಡುಗಿ ಏನು ಮಾಡಬೇಕು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿರಲಿಲ್ಲ.

ಈಗ ನಮ್ಮ ನಾಡಿಗೆ ಬರೋಣ. ಮೈಸೂರಿನಲ್ಲಿ ಆಳುತ್ತಿದ್ದವರು ಪರಕೀಯರಲ್ಲ, ಚಾಮರಾಜೇಂದ್ರ ಒಡೆಯರು. ದಿವಾನರು ಶೇಷಾದ್ರಿ ಅಯ್ಯರ್. ಹೊರಗಿನವರು ಕೈಹಾಕಬಾರದೆಂಬ ವಾದಕ್ಕೆ ಇಲ್ಲಿ ಎಡೆ ಕಡಮೆ. ಈ ಸಂಸ್ಥಾನ 1894ರಲ್ಲಿ ಶಿಶುವಿವಾಹವನ್ನು ತಡೆಯುವ ಕಾಯಿದೆಯನ್ನು ಮಾಡಿತು. ಎಂಟು ವರ್ಷ ತುಂಬದ ಹೆಣ್ಣಿನ ಮದುವೆ ಅಪರಾಧ. ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗುವುದೂ ಅಪರಾಧ. ಇದರ ತಿರುಳು ಇಷ್ಟೇ. ಎಂಟಕ್ಕೇ ನಿಂತಿದ್ದೇಕೆ ಎಂದು ನೀವು ಕೇಳಬಹುದು. ಗೌರೀದಾನ ಎಂಟನೆಯ ವರ್ಷದ್ದು. ಆ ಶಾಸ್ತ್ರದ ಗೆರೆಯನ್ನು ಮುಟ್ಟದೆ, ಅದಕ್ಕೂ ಕೆಳಗೆ ನಡೆಯುತ್ತಿದ್ದುದನ್ನು ಮಾತ್ರ ಈ ಕಾಯಿದೆ ತಡೆಯಿತು. ಎರಡನೆಯ ಕಲಮಿನ ಗುರಿಯೂ ಸ್ಪಷ್ಟವಾಗಿದೆ. ಮುದುಕನಿಗೆ ಕೊಟ್ಟ ಹುಡುಗಿ ಇನ್ನೂ ಮಗುವಾಗಿರುವಾಗಲೇ ವಿಧವೆಯಾಗುವಳು. ಇಂದಿನ ಕಣ್ಣಿಗೆ ಇದು ಬಹಳ ಸಣ್ಣ ಹೆಜ್ಜೆ. ಆದರೆ ಮದುವೆಗೆ ಒಂದು ವಯಸ್ಸುಂಟು, ಅದನ್ನು ಮೀರಿದ ತಂದೆ ನ್ಯಾಯಸ್ಥಾನದ ಮುಂದೆ ನಿಲ್ಲಬೇಕಾದೀತು ಎಂಬ ಮಾತು ಕನ್ನಡ ನಾಡಿನ ಈ ಭಾಗದಲ್ಲಿ ಕಾಯಿದೆಯಾಗಿ ನಿಂತದ್ದು ಅಂದು.

ಆಗ ಕನ್ನಡಿಗರು ಒಂದೇ ಆಡಳಿತದಲ್ಲಿರಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಧಾರವಾಡ, ಬೆಳಗಾವಿ, ಬಿಜಾಪುರಗಳು ಮುಂಬಯಿ ಪ್ರಾಂತದಲ್ಲಿ, ಬಳ್ಳಾರಿ, ಮಂಗಳೂರುಗಳು ಮದರಾಸಿನಲ್ಲಿ, ಗುಲ್ಬರ್ಗ, ರಾಯಚೂರುಗಳು ನಿಜಾಮರಲ್ಲಿ, ಕೊಡಗು ಬೇರೆ. ಮೈಸೂರಿನ ಹರಿಹರದ ಮುಂದೆ ತುಂಗಭದ್ರೆ ಹರಿಯುತ್ತದೆ. ಆಚೆಯ ದಡ ಅಂದಿನ ಧಾರವಾಡ ಜಿಲ್ಲೆ. ಏಳು ವರ್ಷದ ಹುಡುಗಿಗೆ ಈಚೆ ದಡದಲ್ಲಿ ತಾಳಿ ಕಟ್ಟಿದರೆ ಅಪರಾಧ, ಆಚೆ ದಡದಲ್ಲಿ ಕಟ್ಟಿದರೆ ಅಪರಾಧವಲ್ಲ. ಒಂದೇ ಮಾತು, ಒಂದೇ ನೀರು, ಒಂದೇ ಸೋಬಾನೆಯ ಹಾಡು. ಹುಡುಗಿಯ ಬಾಲ್ಯಕ್ಕೆ ಮಾತ್ರ ಎರಡು ಅಳತೆ.

ಈ ಕಾಯಿದೆಗಳು ಯಾರ ಬಾಳನ್ನು ಕುರಿತು ನಡೆದವೋ ಅವರಲ್ಲಿ ಇಬ್ಬರನ್ನು ಕನ್ನಡ ಸಾಹಿತ್ಯ ಬಲ್ಲವರು ಮರೆಯಲಾರರು. ನಂಜನಗೂಡು ತಿರುಮಲಾಂಬ 1887ರಲ್ಲಿ ಹುಟ್ಟಿದರು. ಹತ್ತನೆಯ ವಯಸ್ಸಿನಲ್ಲಿ ಮದುವೆ, ಹದಿನಾಲ್ಕನೆಯ ವಯಸ್ಸಿನಲ್ಲಿ ವೈಧವ್ಯ. ಗಮನಿಸಿ: 1894ರ ಕಾಯಿದೆ ಜಾರಿಯಲ್ಲಿತ್ತು, ಈ ಮದುವೆಯ ವಯಸ್ಸು ಅದರ ಮಿತಿಯನ್ನು ದಾಟಿಯೇ ಇತ್ತು. ತಂದೆಯ ಮನೆಯಲ್ಲಿ ಓದುತ್ತ ಬರೆಯುತ್ತ ಅವರು ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ನಡೆಸಿದರು, ‘ಕರ್ನಾಟಕ ನಂದಿನಿ’ ಪತ್ರಿಕೆಯನ್ನು ಹೊರಡಿಸಿದರು, ಕಾದಂಬರಿಗಳನ್ನು ಬರೆದರು. ಇನ್ನೊಬ್ಬರು ಆರ್. ಕಲ್ಯಾಣಮ್ಮ. ಅವರೂ ಬಾಲ್ಯದಲ್ಲಿಯೇ ವಿಧವೆಯಾದವರು. ‘ಸರಸ್ವತಿ’ ಪತ್ರಿಕೆಯ ಸಂಪಾದಕಿಯಾದರು, ಬೆಂಗಳೂರಿನಲ್ಲಿ ಮಕ್ಕಳ ಕೂಟವನ್ನು ಕಟ್ಟಿದರು. ಸ್ವಂತ ಬಾಲ್ಯವನ್ನು ಕಳೆದುಕೊಂಡ ಹೆಣ್ಣುಮಗಳು ಊರ ಮಕ್ಕಳ ಆಟಪಾಠಗಳಿಗೆ ಬಾಳನ್ನು ತೆತ್ತರೆಂಬುದು ಸಾಮಾನ್ಯ ಸಂಗತಿಯೇನು? ಆದರೆ ಒಂದು ಮಾತು. ಇಂಥ ಇಬ್ಬರ ಹೆಸರನ್ನು ಹೇಳಿ ನಾವು ಸಮಾಧಾನಪಟ್ಟುಕೊಳ್ಳಬಾರದು. ಅಡಿಗೆಮನೆಯ ಮಬ್ಬಿನಲ್ಲಿ ಹೆಸರಿಲ್ಲದೆ ಸವೆದವರೇ ಹೆಚ್ಚು. ಈ ಇಬ್ಬರ ಕೈಗೆ ಪುಸ್ತಕ ಸಿಕ್ಕಿತು, ಉಳಿದವರ ಕೈಗೆ ಸಿಕ್ಕಲಿಲ್ಲ, ವ್ಯತ್ಯಾಸವಿದ್ದುದು ಅಲ್ಲಿ.

ಬ್ರಿಟಿಷ್ ಇಂಡಿಯಾದಲ್ಲಿ ಮದುವೆಯ ವಯಸ್ಸನ್ನೇ ಗೊತ್ತುಮಾಡುವ ಶಾಸನ ಬರಲು 1929ರವರೆಗೆ ಕಾಯಬೇಕಾಯಿತು. ಅಜ್ಮೀರದ ಹರಬಿಲಾಸ ಸಾರ್ದಾ ಅವರು 1927ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ಮಂಡಿಸಿದ ಮಸೂದೆ ಎರಡು ವರ್ಷಗಳ ಚರ್ಚೆಯ ಮೇಲೆ ಅಂಗೀಕಾರವಾಯಿತು. ಹೆಣ್ಣಿಗೆ ಹದಿನಾಲ್ಕು, ಗಂಡಿಗೆ ಹದಿನೆಂಟು. ಅಖಿಲ ಭಾರತ ಮಹಿಳಾ ಸಮ್ಮೇಲನದ ಹೆಂಗಸರು ಇದಕ್ಕಾಗಿ ದುಡಿದರು. ಮದರಾಸಿನ ಶಾಸನಸಭೆಯಲ್ಲಿದ್ದ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು ಗಟ್ಟಿಯಾಗಿ ಬೆಂಬಲಿಸಿದರು. ಆದರೆ ಶಾಸನ ಜಾರಿಗೆ ಬರುವುದು 1930ರ ಏಪ್ರಿಲ್ 1ರಂದು ಎಂದು ಗೊತ್ತಾಯಿತು. ನಡುವೆ ಆರು ತಿಂಗಳು ಬಿಡುವು. ಬಾಗಿಲು ಮುಚ್ಚುವುದರೊಳಗೆ ನುಗ್ಗಿಬಿಡೋಣ ಎಂದು ಉತ್ತರ ದಕ್ಷಿಣಗಳಲ್ಲೆಲ್ಲ ಹಸುಳೆಗಳ ಮದುವೆಗಳು ಸಾಲುಸಾಲಾಗಿ ನಡೆದವು. 1931ರ ಜನಗಣತಿಯಲ್ಲಿ ಮದುವೆಯಾದ ಎಳೆಯ ಮಕ್ಕಳ ಸಂಖ್ಯೆ ಹಿಂದಿನದಕ್ಕಿಂತ ಏರಿಯೇ ಕಂಡಿತು.

ಶಾಸನ ಹಲ್ಲಿಲ್ಲದ್ದಾಗಿತ್ತು. ಪೊಲೀಸರು ತಾವಾಗಿಯೇ ಕ್ರಮ ಕೈಗೊಳ್ಳುವಂತಿಲ್ಲ; ಯಾರಾದರೂ ನ್ಯಾಯಸ್ಥಾನಕ್ಕೆ ಹೋಗಿ ದೂರು ಕೊಡಬೇಕು; ಕೊಟ್ಟವನು ನೂರು ರೂಪಾಯಿಯವರೆಗೆ ಜಾಮೀನು ನಿಲ್ಲಬೇಕು. ನೆರೆಮನೆಯವರ ಮೇಲೆ, ಬೀಗರ ಮೇಲೆ ಇಷ್ಟು ಶ್ರಮಪಟ್ಟು ದೂರುಕೊಡುವವರು ಯಾರು? ಕೊಟ್ಟರೂ ಮದುವೆ ಮುರಿಯುವುದಿಲ್ಲ. ದಂಡ ತೆತ್ತರಾಯಿತು, ಮದುವೆ ಮದುವೆಯೇ.

ಇದಕ್ಕಿಂತ ಮೂಲಭೂತವಾದ ತೊಡಕು ಇನ್ನೊಂದಿತ್ತು. ಹುಡುಗಿಗೆ ಹದಿನಾಲ್ಕು ತುಂಬಿತೋ ಇಲ್ಲವೋ ಎಂದು ಹೇಳುವವರು ಯಾರು? ನಮ್ಮ ಹಳ್ಳಿಗಳಲ್ಲಿ ವಯಸ್ಸೆಂಬುದು ಕಾಗದದ ಮೇಲಿರಲಿಲ್ಲ. ಪ್ಲೇಗು ಬಂದ ವರ್ಷ, ಕೆರೆ ಒಡೆದ ವರ್ಷ, ಆ ಊರ ಜಾತ್ರೆಯಾದ ಮರುವರ್ಷ ಎಂದು ತಾಯಂದಿರು ನೆನಪಿಟ್ಟುಕೊಳ್ಳುತ್ತಿದ್ದರು. ವರ್ಷದ ಲೆಕ್ಕವಿಲ್ಲದ ಊರಿನಲ್ಲಿ ವರ್ಷವನ್ನು ಆಧಾರವಾಗಿಟ್ಟುಕೊಂಡ ಕಾಯಿದೆ ಏನು ತಾನೆ ಮಾಡೀತು? ದೇಶಕ್ಕೆಲ್ಲ ಒಂದೇ ಬಗೆಯ ಜನನ ಮರಣ ನೋಂದಣಿಯ ಶಾಸನ ಬಂದದ್ದೇ 1969ರಲ್ಲಿ. ಅದಕ್ಕೂ ಮೊದಲು ಹಳ್ಳಿಯ ಹೆಣ್ಣಿನ ಹುಟ್ಟಿದ ದಿನವನ್ನು ಬರೆದಿಟ್ಟ ಪುಸ್ತಕವೆಂದರೆ ಅನೇಕ ಊರುಗಳಲ್ಲಿ ಒಂದೇ, ಶಾಲೆಯ ದಾಖಲಾತಿ ಪುಸ್ತಕ. ಮೇಷ್ಟರು ಮಗುವಿನ ಹಲ್ಲು ಎಣಿಸಿ, ಎತ್ತರ ನೋಡಿ, ಒಂದು ತಾರೀಖನ್ನು ಬರೆದುಕೊಂಡರು. ಹಳೆಯ ತಲೆಮಾರಿನ ಎಷ್ಟೋ ಮಂದಿಯ ಜನ್ಮದಿನ ಜೂನ್ 1 ಆಗಿರುವುದರ ಗುಟ್ಟು ನಿಮಗೆ ಗೊತ್ತೇ ಇದೆ. ನಗುವ ಸಂಗತಿಯಾದರೂ ಇದರ ಬೆಲೆ ದೊಡ್ಡದು. ಆ ತಾರೀಖು ಬಿದ್ದ ದಿನವೇ ಸರ್ಕಾರದ ಕಣ್ಣಿನಲ್ಲಿ ಹುಡುಗಿಗೆ ಒಂದು ವಯಸ್ಸು ಬಂದದ್ದು.

ಶಾಲೆ ವಯಸ್ಸನ್ನು ಬರೆದಿಟ್ಟಿತು. ಅಷ್ಟೇ ಅಲ್ಲ, ವಯಸ್ಸನ್ನು ಏರಿಸಿತು. ಮೈಸೂರಿನಲ್ಲಿ 1881ರಲ್ಲಿ ಮಹಾರಾಣಿಯವರ ಹೆಣ್ಣುಮಕ್ಕಳ ಶಾಲೆ ಆರಂಭವಾಯಿತು. ಒಳ್ಳೆಯ ಮನೆತನದ ಹುಡುಗಿ ಓದಲು ಮನೆಯಿಂದ ಹೊರಗೆ ಹೋಗಬಹುದು ಎಂಬುದನ್ನು ಅದು ತೋರಿಸಿಕೊಟ್ಟಿತು. ಒಂದು ತರಗತಿ ಮುಗಿಸಿದವಳು ಇನ್ನೊಂದು ತರಗತಿಗೆ ಹೋಗುವಳು. ‘ಈ ವರ್ಷ ಪರೀಕ್ಷೆ ಮುಗಿಯಲಿ’ ಎಂಬ ಮಾತು ಮದುವೆಯ ಮಾತುಕತೆಯೊಳಗೆ ಬರುವುದು. ಹೀಗೆ ಪರೀಕ್ಷೆಯಿಂದ ಪರೀಕ್ಷೆಗೆ ಮದುವೆ ಮುಂದಕ್ಕೆ ಹೋಯಿತು. ಜನಗಣತಿಯ ಲೆಕ್ಕದಂತೆ ಭಾರತದ ಹೆಣ್ಣುಮಕ್ಕಳ ಸರಾಸರಿ ಮದುವೆಯ ವಯಸ್ಸು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ 13ರ ಆಸುಪಾಸಿನಲ್ಲಿತ್ತು. 1961ರ ಹೊತ್ತಿಗೆ 16ರ ಹತ್ತಿರಕ್ಕೆ ಬಂದಿತು. 1981ರಲ್ಲಿ 18ನ್ನು ದಾಟಿತು. ಕಾಯಿದೆ 1978ರವರೆಗೂ ಹದಿನೈದೇ ಸಾಕೆನ್ನುತ್ತಿದ್ದಿತು. ಎಂದರೆ ಸರಾಸರಿಯ ಮಟ್ಟಿಗೆ ಕಾಯಿದೆಗಿಂತ ಮನೆಗಳೇ ಮುಂದೆ ನಡೆದಿದ್ದವು.

ಕಾಯಿದೆ ವ್ಯರ್ಥವೆಂದು ಇದರ ಅರ್ಥವಲ್ಲ. ಓದಬೇಕೆಂಬ ಹುಡುಗಿಗೆ, ಮದುವೆ ಬೇಡವೆನ್ನುವ ತಾಯಿಗೆ, ‘ಕಾನೂನು ಒಪ್ಪುವುದಿಲ್ಲ’ ಎಂದು ಹಿಡಿದುಕೊಳ್ಳಲು ಒಂದು ಕೋಲು ಬೇಕು. 2006ರ ಶಾಸನ ಆ ಕೋಲನ್ನು ಗಟ್ಟಿಮಾಡಿತು. ಹಿಂದಿನದರ ಹೆಸರು ಬಾಲ್ಯವಿವಾಹ ನಿರೋಧ, ಇದರದು ಬಾಲ್ಯವಿವಾಹ ನಿಷೇಧ. ಇದಕ್ಕಾಗಿಯೇ ಅಧಿಕಾರಿಗಳ ನೇಮಕಕ್ಕೆ ಏರ್ಪಾಡಾಯಿತು. ಬಾಲ್ಯದಲ್ಲಿ ಆದ ಮದುವೆಯನ್ನು ರದ್ದುಮಾಡಿಸಿಕೊಳ್ಳುವ ಹಕ್ಕು ಮದುವೆಯಾದವರಿಗೆ ದೊರಕಿತು. ಕರ್ನಾಟಕ ಇನ್ನೊಂದು ಹೆಜ್ಜೆ ಮುಂದೆ ಇಟ್ಟಿತು. ನ್ಯಾಯಮೂರ್ತಿ ಶಿವರಾಜ ಪಾಟೀಲರ ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಆಮೇಲೆ ರಾಜ್ಯವು ಮಾಡಿದ 2016ರ ತಿದ್ದುಪಡಿಯಂತೆ ಇಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಸುಪ್ರೀಂ ಕೋರ್ಟು 2017ರ ತೀರ್ಪೊಂದರಲ್ಲಿ ಇದನ್ನು ಮೆಚ್ಚಿ, ಇತರ ರಾಜ್ಯಗಳೂ ಈ ದಾರಿ ಹಿಡಿದರೆ ಒಳಿತೆಂದು ಸೂಚಿಸಿತು.

ಹಾಗಾದರೆ ಫಲವೇನು? ಇಪ್ಪತ್ತರಿಂದ ಇಪ್ಪತ್ತನಾಲ್ಕು ವರ್ಷದ ಹೆಂಗಸರಲ್ಲಿ ಹದಿನೆಂಟರೊಳಗೆ ಮದುವೆಯಾದವರೆಷ್ಟು ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕೇಳುತ್ತ ಬಂದಿದೆ. ದೇಶದ ಮಟ್ಟಿಗೆ 2005-06ರಲ್ಲಿ ನೂರಕ್ಕೆ 47 ಮಂದಿ, 2015-16ರಲ್ಲಿ 27, 2019-21ರಲ್ಲಿ 23. ಮೊದಲ ಹತ್ತು ವರ್ಷಗಳಲ್ಲಿ ಇಷ್ಟು ಇಳಿದದ್ದು ಸಣ್ಣ ಮಾತಲ್ಲ. ಆ ಅವಧಿಯಲ್ಲಿ ಕಾಯಿದೆಯ ವಯಸ್ಸು ಒಂದು ದಿನವೂ ಏರಿರಲಿಲ್ಲ. ಹೊಸ ಶಾಸನ ಬಂದದ್ದು ನಿಜ. ಆದರೆ ಅದರೊಡನೆ ಹಳ್ಳಿಹಳ್ಳಿಗೂ ಶಾಲೆಯ ಕೋಣೆಗಳು ಬಂದವು, ಬಿಸಿಯೂಟ ಬಂದಿತು. ನಮ್ಮಲ್ಲಿ ಎಂಟನೆಯ ತರಗತಿಯ ಹುಡುಗಿಯರಿಗೆ ಸೈಕಲ್ ಬಂದಿತು. ಹದಿನೆಂಟರವರೆಗೆ ಮದುವೆಯಾಗದಿದ್ದರೆ ಹಣ ಕೈಸೇರುವ ಭಾಗ್ಯಲಕ್ಷ್ಮಿ ಯೋಜನೆಯೂ ಬಂದಿತು. ಸೈಕಲ್ ತುಳಿದುಕೊಂಡು ಹೈಸ್ಕೂಲಿಗೆ ಹೋಗುವ ಹುಡುಗಿ ಹಸೆಮಣೆಯಿಂದ ಮೂರು ವರ್ಷ ದೂರ ಹೋದಳು.

ಆದರೆ ಕರ್ನಾಟಕದ ಲೆಕ್ಕ 2015-16, 2019-21ರ ಎರಡು ಸಮೀಕ್ಷೆಗಳಲ್ಲಿಯೂ ನೂರಕ್ಕೆ 21ರ ಆಸುಪಾಸಿನಲ್ಲಿಯೇ ನಿಂತಿತು. ಐದು ಮಂದಿಯಲ್ಲಿ ಒಬ್ಬಳು. ಏಕೆ ನಿಂತಿತು? ನನಗೆ ತೋರುವ ಮುಖ್ಯ ಕಾರಣವನ್ನು ಹೇಳುತ್ತೇನೆ; ನೀವು ತೂಗಿ ನೋಡಿ. 2009ರ ಶಿಕ್ಷಣದ ಹಕ್ಕಿನ ಶಾಸನ ಆರರಿಂದ ಹದಿನಾಲ್ಕು ವರ್ಷದವರೆಗೆ ಶಾಲೆಯನ್ನು ಹಕ್ಕಾಗಿ ಕೊಡುತ್ತದೆ. ಮದುವೆಯ ಶಾಸನ ಹದಿನೆಂಟರವರೆಗೆ ಕಾಯಿರಿ ಎನ್ನುತ್ತದೆ. ನಡುವಿನ ನಾಲ್ಕು ವರ್ಷ ಹುಡುಗಿ ಎಲ್ಲಿರಬೇಕು? ಅದಕ್ಕೆ ಯಾವ ಶಾಸನವೂ ಉತ್ತರ ಹೇಳುವುದಿಲ್ಲ. ಊರಿನ ಶಾಲೆ ಏಳಕ್ಕೋ ಎಂಟಕ್ಕೋ ಮುಗಿಯುತ್ತದೆ. ಹೈಸ್ಕೂಲು ಹೋಬಳಿಯಲ್ಲಿ, ಪದವಿಪೂರ್ವ ಕಾಲೇಜು ತಾಲ್ಲೂಕಿನಲ್ಲಿ. ಸಂಜೆಯ ಬಸ್ಸು ತಪ್ಪಿದರೆ ಕತ್ತಲಾಗುತ್ತದೆ. ಕಲ್ಯಾಣ ಕರ್ನಾಟಕದ ಕಡೆ ಮಳೆ ತಪ್ಪಿದ ವರ್ಷ ಸಂಸಾರವೇ ಗುಳೆ ಹೋಗುತ್ತದೆ. ಬೆಳೆದ ಮಗಳನ್ನು ಪರಊರಿನ ಗುಡಿಸಲಿಗೆ ಕರೆದೊಯ್ಯುವುದು ಹೇಗೆ, ಮನೆಯಲ್ಲಿ ಒಬ್ಬಳನ್ನೇ ಬಿಡುವುದು ಹೇಗೆ ಎಂದು ತಾಯಿ ತಳಮಳಿಸುತ್ತಾಳೆ. ಶಾಲೆಯೂ ಇಲ್ಲ, ಕೆಲಸವೂ ಇಲ್ಲ, ಕಾವಲೂ ಇಲ್ಲ ಎಂದಾಗ ಉಳಿಯುವುದು ಹಳೆಯ ಉತ್ತರವೇ. ಕ್ಷಾಮಕ್ಕೆ ಅಂಜಿದ ಆ ಹಿಂದಿನ ತಂದೆಯೂ ಗುಳೆಯ ಚಿಂತೆಯ ಈ ತಾಯಿಯೂ ಒಂದೇ ಭಯದ ಮಕ್ಕಳು.

ಕಾಯಿದೆಯ ಬಿಗಿ ಮಾತ್ರ ಹೆಚ್ಚಿದರೆ ಅದರಿಂದಲೂ ಕೆಲವು ಕಷ್ಟಗಳುಂಟು. ಬಸುರಾದ ಹುಡುಗಿಯನ್ನು ಮೊಕದ್ದಮೆಗೆ ಅಂಜಿ ಆಸ್ಪತ್ರೆಗೆ ತೋರಿಸದೆ ಬಚ್ಚಿಡುವವರಿದ್ದಾರೆ. ಮದುವೆಯನ್ನು ಊರಿನಲ್ಲಿ ಮಾಡದೆ ದೂರದ ದೇವಸ್ಥಾನದಲ್ಲಿ ಬೆಳಗಿನ ಜಾವ ಮುಗಿಸಿಬಿಡುವವರಿದ್ದಾರೆ. ಹೆಣ್ಣಿನ ವಯಸ್ಸನ್ನು ಇಪ್ಪತ್ತೊಂದಕ್ಕೆ ಏರಿಸಬೇಕೆಂಬ ಮಸೂದೆ 2021ರಲ್ಲಿ ಲೋಕಸಭೆಯ ಮುಂದೆ ಬಂದಿತು. 2024ರಲ್ಲಿ ಆ ಲೋಕಸಭೆ ವಿಸರ್ಜನೆಯಾದಾಗ ಅದೂ ಬಿದ್ದುಹೋಯಿತು. ಗಂಡಿಗೂ ಹೆಣ್ಣಿಗೂ ಒಂದೇ ವಯಸ್ಸಿರಲಿ ಎಂಬ ಅದರ ತತ್ತ್ವ ಒಳ್ಳೆಯದೇ. ಆದರೆ ಶಾಲೆಯ ಹಕ್ಕು ಹದಿನಾಲ್ಕರಲ್ಲಿಯೇ ನಿಂತಿದ್ದು, ಮದುವೆಯ ವಯಸ್ಸೊಂದೇ ಏರಿದರೆ, ನಾಲ್ಕು ವರ್ಷದ ಕಂದಕ ಏಳು ವರ್ಷದ್ದಾಗುತ್ತದೆ. ಮೇಲಿನ ಅಂಕಿಯನ್ನು ಏರಿಸುವ ಮುನ್ನ ಕೆಳಗಿನ ಅಂಕಿಯನ್ನು ಏರಿಸಿ ಎರಡನ್ನೂ ಕೂಡಿಸಬೇಕು. ಹದಿನೆಂಟರವರೆಗೆ ಓದು ಹುಡುಗಿಯ ಹಕ್ಕಾಗಬೇಕು. ನಡೆದು ಮುಟ್ಟಬಹುದಾದ ಹೈಸ್ಕೂಲು, ನಂಬಿಕೆಯ ಹಾಸ್ಟೆಲ್ಲು, ಹೊತ್ತಿಗೆ ಸರಿಯಾಗಿ ಬರುವ ಬಸ್ಸು ಆ ಹಕ್ಕಿಗೆ ಕೈಕಾಲು.

ಇದರಲ್ಲಿ ಸರ್ಕಾರ ಮಾಡತಕ್ಕದ್ದು ಬಹಳವಿದೆ. ನಿಮ್ಮ ಪಾಲಿನದೂ ಸ್ವಲ್ಪವಿದೆ. ಎಳೆಯ ಹುಡುಗಿಯ ಮದುವೆ ಗೊತ್ತಾಗಿದೆಯೆಂದು ತಿಳಿದರೆ 1098ಕ್ಕೆ ದೂರವಾಣಿಯಲ್ಲಿ ಹೇಳಬಹುದು. ಅದಕ್ಕೆ ಇಂದು ಜಾಮೀನು ಬೇಕಿಲ್ಲ. ಆದರೆ ಅದು ಕಡೆಯ ಗಳಿಗೆಯ ಉಪಾಯ. ಮೊದಲ ಉಪಾಯ ಬೇರೆ ಇದೆ. ನಿಮ್ಮ ಬೀದಿಯಲ್ಲಿ ಈ ಬೇಸಗೆಯಲ್ಲಿ ಹತ್ತನೆಯ ತರಗತಿ ಮುಗಿಸಿದ ಹುಡುಗಿಯೊಬ್ಬಳು ಇದ್ದೇ ಇರುತ್ತಾಳೆ. ಅವಳ ತಂದೆಯನ್ನು ಕಂಡಾಗ ‘ಮಗಳಿಗೆ ಗಂಡು ನೋಡುತ್ತಿದ್ದೀರಾ?’ ಎಂದು ಕೇಳುವ ನಮ್ಮ ಹಳೆಯ ವಾಡಿಕೆಯನ್ನು ಬಿಟ್ಟು, ‘ಮುಂದೆ ಯಾವ ಕಾಲೇಜಿಗೆ ಸೇರಿಸುತ್ತೀರಿ? ಬಸ್ಸಿನ ವ್ಯವಸ್ಥೆ ಹೇಗೆ?’ ಎಂದು ಕೇಳಿ ನೋಡಿ. ಉತ್ತರ ಸಿಕ್ಕದಿದ್ದರೆ, ಆ ಬಸ್ಸಿಗಾಗಿ ಡಿಪೋ ಮ್ಯಾನೇಜರರಿಗೆ ಬರೆಯುವ ಅರ್ಜಿಯಲ್ಲಿ ನಿಮ್ಮದೂ ಒಂದು ರುಜು ಇರಲಿ.